ಮೃತ್ಯುಪತ್ರದಲ್ಲಿ ದಾಸೋಹದ ಪಾಲು

ಮೈಸೂರು ಸೀಮೆಯವರು ಉಯಿಲು ಎಂದು ಕರೆಯುವ ಕಾಗದಕ್ಕೆ ನಮ್ಮ ಹುಬ್ಬಳ್ಳಿ-ಧಾರವಾಡದ ಭಾಗದಲ್ಲಿ ಮೃತ್ಯುಪತ್ರವೆಂಬ ಹೆಸರು ರೂಢಿಯಲ್ಲಿದೆ. ಹೆಸರಿನಲ್ಲಿಯೇ ಮೃತ್ಯು ಇರುವುದರಿಂದಲೋ ಏನೋ, ಸದ್ಗೃಹಸ್ಥರ ಮನೆಗಳಲ್ಲಿ ಈ ಮಾತನ್ನು ಎತ್ತುವುದೇ ಅಪಶಕುನವೆಂಬ ಭಾವನೆ ಬೆಳೆದುಬಂದಿದೆ. ಮಗಳ ಮದುವೆಗೆ, ಮಗನ ಓದಿಗೆ, ಹೊಸ ಮನೆಯ ಅಡಿಪಾಯಕ್ಕೆ ವರ್ಷಗಟ್ಟಲೆ ಮುಂಚೆಯೇ ಯೋಚಿಸುವ ನಾವು, ತಪ್ಪದೆ ಬರುವ ಒಂದು ದಿನದ ಬಗೆಗೆ ಮಾತ್ರ ಮೌನ ತಾಳುತ್ತೇವೆ. ಬೇರೆಯವರ ಮಾತು ಹೇಗೇ ಇರಲಿ, ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರಿಗೆ ಈ ಅಂಜಿಕೆ ಒಪ್ಪುವಂಥದ್ದಲ್ಲ. ದೇಹಾಂತ್ಯವನ್ನು ನಾವು ಲಿಂಗೈಕ್ಯವೆನ್ನುತ್ತೇವೆ. ಶರಣರು ಆ ದಿನವನ್ನು ಹಬ್ಬದಂತೆ ಎದುರುಗೊಂಡರೆಂದು ಪುರಾಣ ಪ್ರವಚನಗಳಲ್ಲಿ ಕೇಳುತ್ತೇವೆ. ಹಾಗಿರುವಾಗ ಆ ದಿನಕ್ಕಾಗಿ ಒಂದು ಹಾಳೆ ಬರೆದಿಡಲು ಕೈ ಏಕೆ ನಡುಗಬೇಕು?

ಇಲ್ಲಿ ನಾನು ಹೇಳಹೊರಟಿರುವುದು ಆ ಹಾಳೆಯಲ್ಲಿ ಬರೆಯಬೇಕಾದ ಒಂದೇ ಒಂದು ಸಾಲಿನ ವಿಷಯ. ಮಡದಿ ಮಕ್ಕಳಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆ, ಉಳಿದುದರಲ್ಲಿ ಒಂದು ಪಾಲನ್ನು ವಿದ್ಯೆಗೆ, ಅನ್ನಕ್ಕೆ, ರೋಗಿಗಳ ಶುಶ್ರೂಷೆಗೆ ಬರೆದಿಡುವ ಸಾಲು ಅದು. ಅದನ್ನು ದಾನವೆಂದು ಕರೆಯುವ ರೂಢಿಯಿದೆ. ದಾಸೋಹವೆಂದು ಕರೆಯುವುದು ಹೆಚ್ಚು ಸರಿಯೆಂದು ನನ್ನ ನಂಬಿಕೆ.

ದಾನ ದಾಸೋಹಗಳ ಅಂತರ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಮತ್ತೊಮ್ಮೆ ನೆನೆಯೋಣ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದರು. ಸಂಸಾರಿಗಳಾದ ನಮಗೆ ಆ ದಂಪತಿಗಳಂತೆ ದಿನದ ಅಕ್ಕಿಯಲ್ಲಿ ಬದುಕುವುದು ಸಾಧ್ಯವಾಗಲಿಕ್ಕಿಲ್ಲ. ಮುಪ್ಪಿಗೆ, ರೋಗಕ್ಕೆ, ಮಕ್ಕಳ ಕಷ್ಟಕಾಲಕ್ಕೆ ಎಂದು ಒಂದಿಷ್ಟು ತೆಗೆದಿರಿಸಲೇಬೇಕಾಗುತ್ತದೆ. ಆದರೆ ಕಣ್ಣು ಮುಚ್ಚಿದ ದಿನ ಉಳಿದಿರುವುದೇನು? ನಮ್ಮ ಬದುಕಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯೇ ಅದು. ಮನೆಯವರ ಹಕ್ಕಿನ ಅಳತೆಯನ್ನು ಬೇರ್ಪಡಿಸಿ, ಮಿಕ್ಕುದನ್ನು ಆಯ್ದು ತಂದ ಅಂಗಳಕ್ಕೆ ಮರಳಿಸುವ ಉಪಾಯವೇ ಮೃತ್ಯುಪತ್ರದ ದಾಸೋಹ.

ತಾನಿಲ್ಲದ ಕಾಲದಲ್ಲಿಯೂ ತನ್ನ ಕೊಡುಗೆ ನಡೆಯಬೇಕೆಂಬ ಆಸೆ ಈ ನಾಡಿಗೆ ಬಹಳ ಹಳೆಯದು. ನಮ್ಮ ಊರೂರುಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತಿರುವ ದತ್ತಿಶಾಸನಗಳನ್ನು ಓದಿ ನೋಡಿದರೆ ಇದು ತಿಳಿಯುತ್ತದೆ. ಕೊಟ್ಟವರು ಯಾರು, ಕೊಟ್ಟ ಭೂಮಿ ಎಷ್ಟು ಮತ್ತರು, ಯಾವ ಕೋಲಿನಿಂದ ಅಳೆದದ್ದು, ಅದರ ನಾಲ್ಕು ದಿಕ್ಕಿನ ಸೀಮೆ ಯಾವುದು, ಬಂದ ಉತ್ಪನ್ನ ಯಾವ ಕಾರ್ಯಕ್ಕೆ ಸಲ್ಲಬೇಕು, ಕಾಪಾಡುವ ಹೊಣೆ ಯಾರದು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕೊನೆಗೆ, ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪವೆಂದು ಶಾಪವನ್ನೂ ಬರೆಸಿದ್ದಾರೆ. ಮನುಷ್ಯನ ಸ್ವಭಾವವನ್ನು ಬಲ್ಲವರ ಬರವಣಿಗೆ ಅದು. ಒಳ್ಳೆಯ ಮನಸ್ಸಿದ್ದರೆ ಸಾಲದು, ಅಳತೆ, ಸೀಮೆ, ಉದ್ದೇಶ, ಕಾವಲುಗಾರ ಇವು ನಾಲ್ಕೂ ಬೇಕೆಂದು ಅವರು ಅರಿತಿದ್ದರು.

ನಮ್ಮ ಸಮಾಜದ ಇತ್ತೀಚಿನ ಇತಿಹಾಸದಲ್ಲಿ ಇಂಥ ದತ್ತಿಯ ಹಿರಿಯ ನಿದರ್ಶನ ತ್ಯಾಗವೀರ ಶಿರಸಂಗಿ ಲಿಂಗರಾಜ ದೇಸಾಯಿಯವರದು. 1861ರಲ್ಲಿ ಲಕ್ಷ್ಮೇಶ್ವರದ ಬಳಿಯ ಶಿಗ್ಲಿಯ ಮನೆಯೊಂದರಲ್ಲಿ ಹುಟ್ಟಿದ ಬಾಲಕ, ಸವದತ್ತಿ ಸೀಮೆಯ ಶಿರಸಂಗಿ ದೇಸಗತಿಗೆ ದತ್ತಕನಾಗಿ ಬಂದು ಲಿಂಗರಾಜರೆನಿಸಿದರು. ಆ ಕಾಲದ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಮುಂಬಯಿ ಇಲಾಖೆಯ ಈ ಭಾಗದಲ್ಲಿ ನಮ್ಮವರು ಒಕ್ಕಲುತನದಲ್ಲಿ, ವ್ಯಾಪಾರದಲ್ಲಿ ಇದ್ದರೇ ಹೊರತು ಇಂಗ್ಲಿಷ್ ವಿದ್ಯೆಯಲ್ಲಿ ಬಹಳ ಹಿಂದೆ ಬಿದ್ದಿದ್ದರು. ಈ ಕೊರತೆಯನ್ನು ಕಂಡು ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು ಮತ್ತು ಅರಟಾಳ ರುದ್ರಗೌಡರು 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಪರಮಪೂಜ್ಯ ಹಾನಗಲ್ ಕುಮಾರ ಶಿವಯೋಗಿಗಳ ಸತ್ಸಂಕಲ್ಪದಿಂದ 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ನೆರೆದದ್ದೂ ಇದೇ ಧಾರವಾಡದಲ್ಲಿಯೇ. ಅದರ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು ಲಿಂಗರಾಜರು.

ಎರಡು ವರ್ಷಗಳ ಅನಂತರ, 1906ರಲ್ಲಿ ಅವರು ಲಿಂಗೈಕ್ಯರಾದರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ದೇಸಗತಿಯ ರೂಢಿಯಂತೆ ಮತ್ತೊಬ್ಬ ದತ್ತಕನಿಗೆ ಸಂಸ್ಥಾನವನ್ನು ಒಪ್ಪಿಸಿ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರಾದರೋ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ನವಲಗುಂದ-ಶಿರಸಂಗಿ ಟ್ರಸ್ಟ್ ಎಂಬ ಹೆಸರಿನಲ್ಲಿ ಅದು ನಡೆದು, ಅದರ ವಿದ್ಯಾರ್ಥಿವೇತನದಿಂದ ಓದಿದವರು ಈ ಭಾಗದಲ್ಲಿ ತಲೆಮಾರುಗಟ್ಟಲೆ ಆಗಿಹೋಗಿದ್ದಾರೆ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಆ ಸಂಸ್ಥೆ 1933ರಲ್ಲಿ ತನ್ನ ಕಾಲೇಜನ್ನು ತೆರೆದಾಗ ಇಟ್ಟ ಹೆಸರು ಲಿಂಗರಾಜ ಕಾಲೇಜು. ತಾನು ನೋಡದ ಕಾಲೇಜಿಗೆ, ತಾನು ಅರಿಯದ ಮಕ್ಕಳ ಬಾಯಲ್ಲಿ ತನ್ನ ಹೆಸರು ಉಳಿಯಿತು. ಅದಕ್ಕಿಂತ ಮಿಗಿಲಾದ ಸಂತಾನಭಾಗ್ಯ ಯಾವುದು?

ಲಿಂಗರಾಜರು ದೇಸಾಯರು, ನಮ್ಮ ಹತ್ತಿರ ಏನಿದೆ ಎಂದು ಕೆಲವರು ಕೇಳಬಹುದು. ಶಿಕ್ಷಕ ನಿವೃತ್ತನ ಠೇವಣಿಯಲ್ಲಿ ಒಂದು ಪಾಲು, ಅಂಗಡಿಕಾರನ ಗಳಿಕೆಯಲ್ಲಿ ಒಂದು ಪಾಲು, ವಿಧವೆಯೊಬ್ಬಳ ಎರಡು ತೊಲೆ ಬಂಗಾರ, ಇವು ಸೇರಿದರೂ ಒಂದು ಪ್ರಸಾದ ನಿಲಯದ ಒಲೆ ಉರಿಯುತ್ತದೆ. ಧಾರವಾಡದ ಮುರುಘಾಮಠದಲ್ಲಿ, ಹುಬ್ಬಳ್ಳಿಯ ಮೂರುಸಾವಿರ ಮಠದಲ್ಲಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಉಂಡು ಓದಿದವರನ್ನು ಕೇಳಿ ನೋಡಿರಿ. ಅಲ್ಲಿಯ ಪ್ರಸಾದ ಒಬ್ಬ ಶ್ರೀಮಂತನ ಕಣಜದಿಂದ ಬಂದುದಲ್ಲ. ಸುಗ್ಗಿಯಲ್ಲಿ ಹಳ್ಳಿ ಹಳ್ಳಿಗಳ ಒಕ್ಕಲಿಗರು ಅಳೆದು ಕೊಟ್ಟ ಸೇರು, ಪಾವು ಜೋಳ ಅದು.

ನನ್ನ ಬದುಕೂ ಅಂಥ ಜೋಳದಿಂದಲೇ ಬೆಳೆದುದು. ಮಠವೊಂದರ ಪಾಠಶಾಲೆಯಲ್ಲಿ ಉಚಿತ ಪ್ರಸಾದ ಪಡೆದು ಸಂಸ್ಕೃತ, ಕನ್ನಡ, ಶಾಸ್ತ್ರಗಳನ್ನು ಕಲಿತವನು ನಾನು. ಅದಕ್ಕಾಗಿ ಯಾರೂ ನನ್ನಿಂದ ಕಾಸು ಕೇಳಲಿಲ್ಲ. ಅರವತ್ತು ದಾಟಿದ ಮೇಲೆ ಮೃತ್ಯುಪತ್ರ ಬರೆಯಬೇಕೆಂಬ ವಿಚಾರ ಬಂದಾಗ, ಬರೆಯುವ ಮುನ್ನವೇ ಮನೆಯವರನ್ನೂ ಮಕ್ಕಳಿಬ್ಬರನ್ನೂ ಕೂಡಿಸಿಕೊಂಡು ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಧಾರವಾಡದಲ್ಲಿ ನನ್ನ ದುಡಿಮೆಯಿಂದ ಕಟ್ಟಿದ ಒಂದು ಚಿಕ್ಕ ಮನೆ, ಊರಲ್ಲಿ ಹಿರಿಯರಿಂದ ಬಂದ ನಾಲ್ಕು ಎಕರೆ ಎರೆ ಹೊಲ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ, ಎರಡು ಕಪಾಟು ಪುಸ್ತಕ, ಇಷ್ಟೇ ಇದ್ದದ್ದು. ಅಂದು ಮೂವರೂ ಕೇಳಿದ ಮೂರು ಪ್ರಶ್ನೆಗಳು ನನಗೆ ಯಾವ ಶಾಸ್ತ್ರಗ್ರಂಥಕ್ಕೂ ಕಡಿಮೆಯಾದ ಪಾಠವೆನಿಸಲಿಲ್ಲ.

ಪುಣೆಯಿಂದ ಬಂದಿದ್ದ ಮಗಳು ಮೊದಲು ಕೇಳಿದಳು: "ಅಪ್ಪಾಜಿ, ಮಠಕ್ಕ ಬರೀರಿ, ನಮಗೇನೂ ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲನೇ ಸಾಲಿನ್ಯಾಗ ಅವ್ವ ಎಲ್ಲಿ ಇರಬೇಕು, ಆಕಿ ಔಷಧಕ್ಕ ಯಾವ ರೊಕ್ಕ ಅನ್ನೂದು ಬರೀರಿ." ಆಕೆಯ ಮಾತು ನ್ಯಾಯವಾದುದು. ಕೈಹಿಡಿದವಳನ್ನು ಬೀದಿಗೆ ಬಿಟ್ಟು ಮಾಡಿದ ದತ್ತಿಯನ್ನು ಯಾವ ಶರಣರೂ ಒಪ್ಪಲಾರರು. ಆದ್ದರಿಂದ ಮನೆಯು ಆಕೆಯ ಜೀವಮಾನಪರ್ಯಂತ ಆಕೆಯದು, ಆಮೇಲೆ ಮಕ್ಕಳಿಬ್ಬರಿಗೂ ಸಮಪಾಲು ಎಂಬುದು ಮೊದಲ ಸಾಲಾಯಿತು.

ಮಗನ ಪ್ರಶ್ನೆ ಬೇರೆ ತೆರನಾದುದು. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡುವ ಅವನಿಗೆ ಲೆಕ್ಕದ ಮೇಲೆ ಕಣ್ಣು. "ನೀವು ಹುಡುಗರ ಊಟಕ್ಕಂತ ಬರೀತೀರಿ. ನಾಳೆ ಆ ರೊಕ್ಕದಾಗ ಕಮಾನು ಕಟ್ಟಿಸಿದ್ರ ಯಾರು ಕೇಳಬೇಕು?" ಎಂದ. ಮೇಲ್ನೋಟಕ್ಕೆ ಕಟುವಾದ ಮಾತೇ. ಆದರೆ ಶಾಪ ಬರೆಸಿದ ಶಾಸನಕಾರನ ಮನಸ್ಸಿನಲ್ಲಿದ್ದ ಅಳುಕು ಇದೇ ಅಲ್ಲವೇ?

ನನ್ನ ಮನೆಯವರು ಇಬ್ಬರ ಮಾತನ್ನೂ ಕೇಳಿ ಕಡೆಗೆ ಹೇಳಿದ್ದು ಇಷ್ಟು: "ಬ್ಯಾಂಕಿನ್ಯಾಗ ಇದ್ದದ್ದು ನಿಮ್ಮ ಪಗಾರ ಅಂತೀರಿ. ಅದನ್ನ ಉಳಿಸಿದಾಕಿ ನಾನು. ನನ್ನ ಪಾಲಿಂದು ಹೆಣ್ಣುಮಕ್ಕಳ ನಿಲಯಕ್ಕ ಹೋಗಲಿ." ಅವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಓದುವ ಮನಸ್ಸಿರಲಿಲ್ಲವೆಂದಲ್ಲ. ಮುಂದಿನ ಶಾಲೆ ಪರಊರಿನಲ್ಲಿತ್ತು, ಅಲ್ಲಿ ಉಳಿಯಲು ಹುಡುಗಿಯರಿಗೆ ಸ್ಥಳವಿರಲಿಲ್ಲ. ನನಗೆ ಮಠದಲ್ಲಿ ದೊರೆತ ಪಂಕ್ತಿ ಆಕೆಗೆ ದೊರೆತಿರಲಿಲ್ಲ. ಠೇವಣಿಯನ್ನು ಹತ್ತು ಭಾಗ ಮಾಡಿ ಎರಡು ಭಾಗವನ್ನು ದಾಸೋಹಕ್ಕೆ ತೆಗೆದಿರಿಸುವುದೆಂದು ನಿರ್ಧಾರವಾಯಿತು. ಅದರಲ್ಲಿ ಒಂದು ನಾನು ಉಂಡ ನಿಲಯಕ್ಕೆ, ಇನ್ನೊಂದು ಆಕೆಯ ಇಚ್ಛೆಯಂತೆ ಹೆಣ್ಣುಮಕ್ಕಳ ನಿಲಯಕ್ಕೆ. ಇಂತಿಷ್ಟು ರೂಪಾಯಿ ಎಂದು ಬರೆಯದೆ ಭಾಗದ ಲೆಕ್ಕದಲ್ಲಿ ಬರೆದುದು ಬೇಕೆಂದೇ. ಮುಪ್ಪಿನ ಖರ್ಚಿಗೆ ಠೇವಣಿ ಕರಗಿದರೂ, ಬಡ್ಡಿಯಿಂದ ಬೆಳೆದರೂ, ಎಲ್ಲರ ಪಾಲೂ ಸರಿಸಮನಾಗಿ ಇಳಿಯುತ್ತದೆ, ಏರುತ್ತದೆ.

ಹೊಲದ ಮಾತು ಬೇರೆ. ಹಿರಿಯರಿಂದ ಬಂದ ಅವಿಭಕ್ತ ಆಸ್ತಿ ಒಬ್ಬನ ಸ್ವತ್ತಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅದರಲ್ಲಿ ತನಗೆ ಬರುವ ಪಾಲನ್ನು ಮಾತ್ರ ಒಬ್ಬನು ಮೃತ್ಯುಪತ್ರದಿಂದ ಕೊಡಬಹುದು. 2005ರ ತಿದ್ದುಪಡಿಯಾದ ಮೇಲೆ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕು. ಇತರರ ಹಕ್ಕಿನ ನೆಲವನ್ನು ನಮ್ಮದೆಂದು ಬರೆದುಕೊಟ್ಟರೆ ದತ್ತಿಯ ಬದಲು ವ್ಯಾಜ್ಯ ಬಿಟ್ಟುಹೋದಂತಾಗುತ್ತದೆ. ಅಲ್ಲದೆ ಸಾಗುವಳಿ ಜಮೀನನ್ನು ಸಂಸ್ಥೆಗಳಿಗೆ ಕೊಡುವಾಗ ಭೂಸುಧಾರಣಾ ಕಾಯ್ದೆಯ ನಿಯಮಗಳನ್ನೂ ವಕೀಲರಲ್ಲಿ ವಿಚಾರಿಸಿಕೊಳ್ಳಬೇಕು. ಇದನ್ನೆಲ್ಲ ನೋಡಿ ನಾವು ಹೊಲವನ್ನು ದತ್ತಿಯ ಮಾತಿಗೆ ತರಲಿಲ್ಲ.

ಇನ್ನು ಕಾಗದದ ವಿಷಯ. ಅನೇಕರು ಇದನ್ನು ಬಹಳ ತೊಡಕಿನ ಕಾರ್ಯವೆಂದು ಭಾವಿಸಿ ಮುಂದೂಡುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಸ್ವಲ್ಪವೇ. ಬರೆಯುವವರು ಪ್ರಾಪ್ತವಯಸ್ಕರಾಗಿ ಸ್ವಸ್ಥಚಿತ್ತರಾಗಿರಬೇಕು. ತಾವೇ ಸಹಿ ಮಾಡಬೇಕು, ಬರೆಯಬಾರದವರು ಹೆಬ್ಬೆಟ್ಟು ಒತ್ತಬೇಕು. ಅದನ್ನು ಕಂಡ ಇಬ್ಬರು ಸಾಕ್ಷಿದಾರರು ಅವರ ಎದುರಿನಲ್ಲಿ ಸಹಿ ಹಾಕಬೇಕು. ಸ್ಟಾಂಪ್ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಕಾಗದ ಕಳೆಯುವ, ತಿದ್ದುವ ಭಯವಿಲ್ಲ. ಲಾಭ ಪಡೆಯುವವರನ್ನು ಸಾಕ್ಷಿಗೆ ನಿಲ್ಲಿಸದಿರುವುದು ಲೇಸು. ಸಾಕ್ಷಿದಾರರು ನಮಗಿಂತ ಕಿರಿಯರಿರಲಿ. ಬದುಕಿರುವ ತನಕ ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಬರೆಸಿದರೆ ಸಾಕೆಂಬ ಭ್ರಮೆಯೂ ಬೇಡ. ಬ್ಯಾಂಕಿನಿಂದ ಹಣ ಪಡೆಯುವ ಕೈ ನಾಮಿನಿಯದು, ಹಣದ ಒಡೆತನ ಮೃತ್ಯುಪತ್ರದಂತೆ ಅಥವಾ ವಾರಸಿನಂತೆ ಬರುವವರದು.

ಸಂಸ್ಥೆಗೆ ಪಾಲು ಬರೆಯುವಾಗ ಮಾತ್ರ ಹೆಚ್ಚಿನ ಎಚ್ಚರ ಬೇಕು. "ನಮ್ಮ ಮಠಕ್ಕೆ" ಎಂದಷ್ಟೇ ಬರೆದರೆ ಸಾಲದು. ಅನೇಕ ಕಡೆ ಮಠ, ಅದರ ವಿದ್ಯಾಸಂಸ್ಥೆ, ಅದರ ಪ್ರಸಾದ ನಿಲಯ ಇವು ಮೂರೂ ಬೇರೆ ಬೇರೆ ಟ್ರಸ್ಟುಗಳು. ನೋಂದಾಯಿತ ಹೆಸರು, ಊರು, ನೋಂದಣಿಯ ಸಂಖ್ಯೆ ಇವನ್ನು ಕೇಳಿ ಬರೆಯಬೇಕು. ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಸ್ಪಷ್ಟಪಡಿಸಬೇಕು. ನಾವು "ವಿದ್ಯಾರ್ಥಿಗಳ ಊಟ ಮತ್ತು ಪುಸ್ತಕಗಳಿಗೆ ಮಾತ್ರ" ಎಂದು ಬರೆದೆವು. ಆ ನಿಲಯ ಆ ವೇಳೆಗೆ ನಡೆಯದಿದ್ದರೆ ಯಾವುದಕ್ಕೆ ಸಲ್ಲಬೇಕೆಂಬುದನ್ನೂ ಸೇರಿಸಿದೆವು. ಇದೆಲ್ಲವನ್ನು ನಡೆಯಿಸಿಕೊಡುವ ನಿರ್ವಾಹಕರ ಹೆಸರನ್ನು ಅವರನ್ನು ಕೇಳಿಯೇ ಬರೆಯಬೇಕು. ನಮ್ಮ ಪತ್ರದಲ್ಲಿ ಆ ಹೊಣೆಯನ್ನು ಪ್ರಶ್ನೆ ಕೇಳಿದ ಮಗನಿಗೇ ವಹಿಸಿದ್ದೇವೆ.

ಸ್ಪಷ್ಟತೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜಗತ್ತಿನ ಅತ್ಯಂತ ಪ್ರಸಿದ್ಧ ಮೃತ್ಯುಪತ್ರವೇ ಸಾಕ್ಷಿ. ಆಲ್ಫ್ರೆಡ್ ನೊಬೆಲ್ ಎಂಬ ಸ್ವೀಡನ್ನಿನ ಉದ್ಯಮಿ 1895ರಲ್ಲಿ ತನ್ನ ಸಂಪತ್ತಿನ ಬಹುಭಾಗವನ್ನು ಪಾರಿತೋಷಕಗಳಿಗಾಗಿ ಬರೆದಿಟ್ಟು ಮರುವರ್ಷ ತೀರಿಕೊಂಡನು. ಆ ಹಣವನ್ನು ವಹಿಸಿಕೊಳ್ಳಬೇಕಾದ ಸಂಸ್ಥೆಯೇ ಆಗ ಇರಲಿಲ್ಲ. ಬಂಧುಗಳಲ್ಲಿ ಕೆಲವರು ತಕರಾರು ತೆಗೆದರು. ಪಾರಿತೋಷಕ ನಿರ್ಣಯಿಸಬೇಕೆಂದು ಹೆಸರಿಸಿದ ಸಂಸ್ಥೆಗಳನ್ನೂ ಒಪ್ಪಿಸಬೇಕಾಯಿತು. ಎಲ್ಲ ಬಗೆಹರಿದು ಮೊದಲ ಪಾರಿತೋಷಕ ಕೊಟ್ಟದ್ದು 1901ರಲ್ಲಿ. ನಿಷ್ಠಾವಂತ ನಿರ್ವಾಹಕರಿದ್ದುದರಿಂದ ಅದು ಉಳಿಯಿತು. ನಮ್ಮಂಥವರ ಪುಟ್ಟ ದತ್ತಿಗೆ ಐದು ವರ್ಷ ಓಡಾಡುವವರು ಯಾರು?

ಬದುಕಿರುವಾಗಲೇ ಕೊಡಬಾರದೇ ಎಂದು ಕೇಳುವವರೂ ಉಂಟು. ಖಂಡಿತವಾಗಿಯೂ ಕೊಡಬೇಕು. ಅದು ಶ್ರೇಷ್ಠ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರವನ್ನು ಕರ್ಮಭೂಮಿಯಾಗಿಸಿಕೊಂಡ ಫ.ಗು. ಹಳಕಟ್ಟಿಯವರು ವಚನಗಳ ಪ್ರಕಟಣೆಗಾಗಿ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದುದನ್ನು ನಾಡು ಬಲ್ಲದು. ಅವರು ಮರಣದ ದಿನಕ್ಕಾಗಿ ಕಾಯಲಿಲ್ಲ. ಆದರೆ ಎಲ್ಲರೂ ಹಳಕಟ್ಟಿಯವರಾಗಲಾರರು. ಸ್ಥಿರಾಸ್ತಿಯನ್ನು ಬಕ್ಷೀಸು ಪತ್ರ ನೋಂದಾಯಿಸಿ ಕೊಟ್ಟ ಮೇಲೆ ಮನಸ್ಸು ಬಂದಂತೆ ಹಿಂದಕ್ಕೆ ಪಡೆಯಲು ಬಾರದು. ಎಲ್ಲವನ್ನೂ ಕೊಟ್ಟು ಮುಪ್ಪಿನಲ್ಲಿ ಮಕ್ಕಳ ಮುಂದೆ ಕೈಯೊಡ್ಡುವ ಸ್ಥಿತಿ ಗೃಹಸ್ಥರಿಗೆ ಬರಬಾರದು. ಆದ್ದರಿಂದ ವರ್ಷವರ್ಷವೂ ಶಕ್ತ್ಯನುಸಾರ ಕೈಯಿಂದ ಕೊಡುವುದು, ಉಳಿದುದರ ಪಾಲನ್ನು ಮೃತ್ಯುಪತ್ರದಲ್ಲಿ ಬರೆಯುವುದು, ಈ ಎರಡೂ ಜೊತೆಯಾಗಿ ನಡೆಯಲಿ. ಬದುಕಿನಲ್ಲಿ ಒಂದು ಹಿಡಿ ಜೋಳ ಕೊಡದವನ ಮೃತ್ಯುಪತ್ರ, ಹಿಡಿದುಕೊಳ್ಳಲಾಗದುದನ್ನು ಬಿಟ್ಟುಕೊಟ್ಟ ಕಾಗದವಾದೀತೇ ವಿನಾ ದಾಸೋಹವಾಗದು.

ಮಠ ಮಾನ್ಯಗಳ, ಸಂಸ್ಥೆಗಳ ಹಿರಿಯರಲ್ಲಿಯೂ ಒಂದು ವಿನಮ್ರ ಅರಿಕೆಯಿದೆ. ಹಾಸಿಗೆ ಹಿಡಿದ ವೃದ್ಧರ ತಲೆದಿಂಬಿನ ಬಳಿ ಕಾಗದ ಹಿಡಿದು ಯಾರೂ ಕುಳಿತುಕೊಳ್ಳಬಾರದು. ಮೈಸೂರು ಸೀಮೆಯಿಂದ ಹೋದ ಒಂದು ಮೃತ್ಯುಪತ್ರದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1958ರಷ್ಟು ಹಿಂದೆಯೇ ಈ ತತ್ತ್ವವನ್ನು ಎತ್ತಿಹಿಡಿದಿದೆ. ಲಾಭ ಪಡೆಯುವವನೇ ಪತ್ರ ಬರೆಸಲು ಮುಂದಾಗಿ ನಿಂತಿದ್ದರೆ, ಅದರಿಂದ ಏಳುವ ಸಂಶಯವನ್ನು ಪರಿಹರಿಸುವ ಹೊಣೆ ಅವನದೇ. ಕಾನೂನಿಗಿಂತ ಮಿಗಿಲಾಗಿ, ಹಾಗೆ ಪಡೆದ ಹಣದಿಂದ ಬೇಯಿಸಿದ ಅನ್ನ ಪ್ರಸಾದವಾಗುವುದಿಲ್ಲ. ದತ್ತಿ ಬರೆದವರ ಹೆಸರು, ಉದ್ದೇಶ, ವರ್ಷದ ಖರ್ಚು ಇವನ್ನು ನಿಲಯದ ಗೋಡೆಯ ಮೇಲೆ ಒಂದು ಹಲಗೆಯಲ್ಲಿ ಬರೆದು ತೂಗುಹಾಕಿದರೆ, ನೂರು ಉಪನ್ಯಾಸಗಳಿಂದ ಹುಟ್ಟದ ನಂಬಿಕೆ ಅದರಿಂದ ಹುಟ್ಟುತ್ತದೆ.

ವಾಚಕ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಅಮಾವಾಸ್ಯೆಗೋ ಜಾತ್ರೆಗೋ ಮಕ್ಕಳು ಮನೆಗೆ ಬಂದಾಗ, ಊಟವಾದ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಈ ಮಾತನ್ನು ಎತ್ತಿರಿ. ಮನೆಯ ಹೆಣ್ಣುಮಕ್ಕಳ ಮಾತನ್ನು ಮೊದಲು ಕೇಳಿರಿ. ಅವರವರ ಹಕ್ಕನ್ನು ಅವರವರಿಗೆ ಅಳೆದುಕೊಡಿರಿ. ಆಮೇಲೆ, ನೀವು ಅಕ್ಕಿ ಆಯ್ದ ಅಂಗಳ ಯಾವುದೆಂದು ನೆನಪಿಸಿಕೊಂಡು, ಅದಕ್ಕೊಂದು ಸಾಲು ಬರೆಯಿರಿ. ಹತ್ತರಲ್ಲಿ ಒಂದೇ ಇರಲಿ, ನೂರರಲ್ಲಿ ಒಂದೇ ಇರಲಿ. ಮುಂದೊಂದು ಸಂಜೆ ಆ ಸಾಲಿನ ಬಲದಿಂದ, ಊರು ಬಿಟ್ಟು ಓದಲು ಬಂದ ಹುಡುಗಿಯೊಬ್ಬಳು ಪಂಕ್ತಿಯಲ್ಲಿ ತಟ್ಟೆ ಹಿಡಿದು ಕುಳಿತಾಳು. ಶರಣು ಶರಣಾರ್ಥಿ.